ಎರಡು ಬಾಗಿಲು, ಒಂದು ಮಗು

ಅತ್ಲಿಸ್ಕೊ
ಅಕ್ಟೋಬರ್ ೨೭

ನಿಕಾಂದ್ರೋ,

ಕ್ಷೇಮವೇ ಎಂದು ಕೇಳುವುದಿಲ್ಲ. ಪ್ವೆಬ್ಲಾದಲ್ಲಿ ಆ ಟೊಮಾಸಾ ಜೊತೆ ಚೆನ್ನಾಗಿಯೇ ಇದ್ದೀಯೆಂದು ನಿನ್ನ ತಂಗಿ ಚೋಲೆ ಹೇಳಿದಳು. ನಿನ್ನೆ ಹೊಲದಲ್ಲಿ ಹೂವು ಕೊಯ್ಯುವಾಗ ಇನ್ನೊಂದು ಮಾತನ್ನೂ ಬಾಯಿಬಿಟ್ಟಳು: "ಅತ್ತಿಗೆ, ಬೈಬೇಡಿ. ಈ ಸಲ ಅಣ್ಣ ಅವ್ನ ಮನೇಲೂ ಎಲ್ವಿರಾಗೆ ಎಡೆ ಇಡ್ತಾನಂತೆ. ಬೀದಿಯಿಂದ ಒಳಗಿನವರೆಗೂ ಚೆಂಡುಹೂವಿನ ಎಸಳು ಹಾಸ್ತಾನಂತೆ."

ಕುಡುಗೋಲು ಬಿಸಾಕಿದೆ. "ಬೈಯೋದಾ? ಅವ್ನು ಎದುರಿಗಿದ್ದಿದ್ರೆ ಗೊತ್ತಾಗ್ತಿತ್ತು!" ಎಂದೆ.

ಚೆಂಡುಹೂವಂತೆ! ಹೂವಿನ ಹೊಲದಲ್ಲೇ ಹುಟ್ಟಿ ಬೆಳೆದವನು ನೀನು. ಚೆಂಡುಹೂವು ಸತ್ತ ದೊಡ್ಡವರಿಗೆ. ಸತ್ತ ಮಕ್ಕಳು ಪ್ರತಿ ವರ್ಷ ಅವರಿಗಿಂತ ಮೊದಲೇ, ಮೂವತ್ತೊಂದರ ಮಧ್ಯಾಹ್ನ ಚರ್ಚಿನ ಗಂಟೆ ಹೊಡೆದಾಗ ಮನೆಗೆ ಬರುತ್ತಾರೆ. ಅವರ ದಾರಿಗೆ ಬಿಳಿ ಹೂವೇ ಆಗಬೇಕು. ನಮ್ಮ ನಾಲ್ಕು ವರ್ಷದ ಎಲ್ವಿರಾಳನ್ನು ಮುದುಕರ ದಾರಿಯಲ್ಲಿ ನಡೆಸುತ್ತೀಯಾ? ಅಷ್ಟೂ ಮರೆತೆಯಾ?

ಅದಿರಲಿ, ಯಾವ ಮುಖ ಇಟ್ಟುಕೊಂಡು ಅವಳನ್ನು ಕರೆಯುತ್ತೀಯ? ಅವಳನ್ನು ಮಣ್ಣು ಮಾಡಿ ನಾಲ್ಕು ತಿಂಗಳೂ ಆಗಿರಲಿಲ್ಲ, ನೀನು ಮನೆ ಬಿಟ್ಟೆ. ನಿನ್ನ ಆ ಮನೆಯನ್ನು ಅವಳು ಕಂಡೇ ಇಲ್ಲ. ವರ್ಷಕ್ಕೊಂದು ದಿನ ಬರುವ ಮಗುವನ್ನು ಎರಡು ಬಾಗಿಲುಗಳ ನಡುವೆ ಅಲೆಸಬೇಡ. ನನಗೆ ಉಳಿದಿರುವುದು ಆ ಒಂದು ದಿನ. ಅದನ್ನೂ ಕಿತ್ತುಕೊಳ್ಳಬೇಕೆ?

ಹೋದ ವರ್ಷ ಬಿಳಿ ಸೇವಂತಿಗೆ ಹಾಸಿ, ಹಾಲು, ಸಿಹಿ ಬ್ರೆಡ್ಡು ಇಟ್ಟು ಕಾದು ಕೂತಿದ್ದೆ. "ಬಂದ್ಲು ಬಿಡೇ, ಮೇಣದಬತ್ತಿ ಅಲ್ಲಾಡ್ತು" ಎಂದಳು ನನ್ನಮ್ಮ. ನನಗೆ ಹಾಗನ್ನಿಸಲಿಲ್ಲ. ನೀನು ಒಂದೆಸಳನ್ನೂ ಹಾಕದಿದ್ದರೂ ಅವಳು ನಿನ್ನನ್ನು ಹುಡುಕಿಕೊಂಡು ಹೋಗಿದ್ದಾಳೆ ಎನ್ನಿಸಿತು. ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಜ್ವರದ ಆ ಮೂರು ದಿನ ಮಲಗಿದ್ದದ್ದು ನನ್ನ ಮಡಿಲಲ್ಲಿ, ಕೇಳುತ್ತಿದ್ದದ್ದು ಮಾತ್ರ "ಅಪ್ಪ ಬಂದ್ನಾ? ಅಪ್ಪ ಬಂದ್ನಾ?" ಎಂದು. ನೀನು ಲಾರಿ ಹತ್ತಿ ಎಲ್ಲಿಗೋ ಹೋಗಿದ್ದೆ. ಇದನ್ನು ನಿನಗೆ ಸಾಯುವವರೆಗೂ ಹೇಳಬಾರದೆಂದಿದ್ದೆ. ಈಗ ಹೇಳಿದ್ದೇನೆ, ನೀನೂ ಸ್ವಲ್ಪ ಉರಿ.

ನಿನ್ನ ಬಾಗಿಲಿಗೆ ಒಂದೇ ಒಂದು ಎಸಳನ್ನೂ ಹಾಕಕೂಡದು. ಹಾಕಿದ್ದು ಗೊತ್ತಾದರೆ ಬಸ್ಸು ಹತ್ತಿ ಬಂದು, ಆ ಟೊಮಾಸಾಳ ಕಣ್ಣೆದುರಿಗೇ ಪೊರಕೆ ಹಿಡಿದು ಗುಡಿಸುತ್ತೇನೆ.

ಎಲ್ವಿರಾಳ ತಾಯಿ,
ದೊಮಿತಿಲಾ

ತಾ.ಕ.: ಟೊಮಾಸಾ ನಾಯಿ ಸಾಕಿದ್ದಾಳಂತೆ. ಎಲ್ವಿರಾಗೆ ನಾಯಿ ಕಂಡರೆ ಜೀವಭಯ. ಮೂವತ್ತೊಂದರ ಮಧ್ಯಾಹ್ನಕ್ಕೆ ಮೊದಲೇ ಅದನ್ನು ಹಿತ್ತಲಲ್ಲಿ ಕಟ್ಟಿಹಾಕು.