ಕೊನೆಯ ಸಾಲು: ಇತರೆ

ಬುಧವಾರ, ಮಧ್ಯಾಹ್ನ
ಶಿಕ್ಷಕರ ಕೊಠಡಿಯಿಂದ

ಅಮ್ಮಾ,

ಹೇಗಿದ್ದೀಯ, ಕ್ಷೇಮವೇ ಎಂದೆಲ್ಲ ಶುರುಮಾಡಲು ಹೋಗಿ ಹಾಳೆಗಳು ದಂಡವಾದವು. ಅದಕ್ಕೇ ಬರೀ ‘ಅಮ್ಮಾ’. ಇದನ್ನು ಅತ್ತಿಗೆಯ ಕೈಯಲ್ಲಿ ಓದಿಸಬೇಡ, ನೀನೇ ಓದು. ನಿನ್ನ ಕಣ್ಣಿಗೆ ಕಾಣಲೆಂದು ಅಕ್ಷರಗಳನ್ನು ಎಷ್ಟು ದಪ್ಪಗೆ ಬರೆಯುತ್ತಿದ್ದೇನೆಂದರೆ, ಪಕ್ಕದಲ್ಲಿ ಕೂತ ಗಣಿತದ ಮೇಷ್ಟರು ಯಾವ ಅಂಗಡಿಗೆ ಬೋರ್ಡು ಬರೆಯುತ್ತಿದ್ದೀರಿ ಎಂದು ಕೇಳಿದರು.

ನಾವೆಲ್ಲ ಚೆನ್ನಾಗಿದ್ದೇವೆ. ಗುಬ್ಬಿಗೆ ಕೆಳಗಿನ ಹಲ್ಲು ಮೂಡಿದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ. ನಿನ್ನ ಅಳಿಯನ ಪ್ರೆಸ್ಸಿನಲ್ಲಿ ಓವರ್‌ಟೈಮ್ ಮತ್ತೆ ಶುರುವಾಗುವ ಹಾಗಿದೆ. ನಾನೂ ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ.

ಇಲ್ಲಮ್ಮ, ಮಾಡುತ್ತಿಲ್ಲ. ಗುಬ್ಬಿ ಮಲಗಿದರೂ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ. ಬೆರಳು ತಾಗಿ ಅವಳು ಏಳುತ್ತಾಳೆ. ಆಮೇಲೆ ಇಬ್ಬರೂ ಅಳುತ್ತೇವೆ. ಮೊನ್ನೆ ತರಗತಿಯಲ್ಲಿ ಹಾಜರಿ ಕರೆಯುವಾಗ ಯಾರದೋ ಹೆಸರಿನ ಜಾಗದಲ್ಲಿ ‘ಗುಬ್ಬಿ’ ಎಂದುಬಿಟ್ಟೆ. ಹುಡುಗಿಯರಲ್ಲಿ ಒಬ್ಬಳು ಎದ್ದು ನಿಂತು ‘ಹಾಜರ್’ ಅಂದಳು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ‘ಊಟ ಆಯ್ತಾ’ ಎಂದ ಕೂಡಲೇ ನನ್ನ ಬಾಯಿಗೆ ಬೀಗ ಬೀಳುತ್ತದೆ. ಆ ದಿನದ ಬಗ್ಗೆ ನೀನು ಒಂದು ಮಾತೂ ಕೇಳಲಿಲ್ಲ. ಕೇಳದೆ ಹೋದೆಯಲ್ಲ, ಅದಕ್ಕೇ ಈ ಕಾಗದ.

ಆ ದಿನದ ಪಾಠ ಮನೆಯ ಆಯವ್ಯಯ. ಇದು ಕೊನೆಯ ವರ್ಷದ ಹುಡುಗಿಯರ ತರಗತಿ. ನಾಳೆ ಕೆಲಸ, ಓದು ಎಂದು ಮನೆ ಬಿಡುವವರು, ಬಂದ ಸಂಬಳವನ್ನು ತಿಂಗಳ ಕೊನೆಯವರೆಗೆ ಹೇಗೆ ಎಳೆಯಬೇಕೆಂದು ಕಲಿಯಲಿ ಎಂಬುದು ಶಾಲೆಯವರ ಆಸೆ. ನಾನು ಬೋರ್ಡಿನ ಮೇಲೆ ಒಂದು ಕುಟುಂಬ ಕಟ್ಟಿದೆ. ಅಪ್ಪ ಪ್ರೆಸ್ಸಿನಲ್ಲಿ, ಅಮ್ಮ ಶಾಲೆಯಲ್ಲಿ, ಒಂದು ಕೂಸು, ಒಬ್ಬಳು ಅಜ್ಜಿ. ಇದು ಊಹೆಯ ಕುಟುಂಬ ಎಂದೆ. ಊಹೆಯನ್ನು ಎಲ್ಲಿಂದ ತರಲಿ, ಮನೆಯಿಂದಲೇ ತಂದೆ. ಬಾಡಿಗೆ, ದಿನಸಿ, ಹಾಲು, ಕರೆಂಟು, ಮಗುವಿನ ಲಸಿಕೆ ಎಂದು ಒಂದರ ಕೆಳಗೊಂದು ಬರೆದೆ. ಎಲ್ಲಕ್ಕೂ ಕೆಳಗೆ ‘ಇತರೆ’. ಅದರ ಪಕ್ಕದಲ್ಲಿ ಸಣ್ಣದಾಗಿ: ಅಜ್ಜಿಯ ಬಸ್ಸು, ಅಜ್ಜಿಯ ಕಣ್ಣಿನ ಹನಿ, ಅಜ್ಜಿಯ ಎರಡನೇ ಲೋಟ ಚಹಾ.

ನಾನು ಬೆನ್ನು ತಿರುಗಿಸಿ ಬರೆಯುತ್ತಿದ್ದೆ. ಬಿಡುವಿನ ಹೊತ್ತಿಗೆ ಹಾಲು ಕುಡಿಸಲೆಂದು ದಿನಾ ಗುಬ್ಬಿಯನ್ನು ಕರೆತರುತ್ತಿದ್ದ ನೀನು, ಆ ದಿನ ಅವಳು ಹಟ ಮಾಡಿದಳೆಂದು ಮೊದಲೇ ಬಂದು ಹಿಂದಿನ ಬೆಂಚಿನಲ್ಲಿ ಕೂತದ್ದು ನನಗೆ ಗೊತ್ತಾಗಲೇ ಇಲ್ಲ.

ಎಲ್ಲ ಕೂಡಿಸಿದಾಗ ಖರ್ಚೇ ಹೆಚ್ಚಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ದೊಡ್ಡ ಮನುಷ್ಯಳಂತೆ ಹೇಳಿದೆ. ನಮ್ಮಲ್ಲಿ ಒಬ್ಬಳಿದ್ದಾಳೆ, ಎಲ್ಲದಕ್ಕೂ ವಾದ ಮಾಡುವುದರಿಂದ ಅವಳಿಗೆ ವಕೀಲಮ್ಮ ಎಂದೇ ಹೆಸರು. ಅವಳು ಎದ್ದಳು.

“ಅದೇ ಹಾಸಿಗೇಲಿ ಇನ್ನೊಬ್ರು ಮಲಗಿದ್ರೆ ಏನ್ಮಾಡೋದು ಮೇಡಂ?”

ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವರಿಗೊಂದು ಚಾಪೆ ಕೊಡಿ ಎಂದು ಕಿಟಕಿಯ ಪಕ್ಕದವಳು ಸಲಹೆ ಕೊಟ್ಟಳು. ನಾನೂ ನಕ್ಕೆ, ಅಮ್ಮ. ಎಲ್ಲಿ ಕಡಿಮೆ ಮಾಡೋಣ, ಕೈ ಎತ್ತಿ ಎಂದೆ. ಹೆಚ್ಚಿನ ಕೈಗಳು ‘ಇತರೆ’ಗೇ ಎದ್ದವು. ಆಗ ಹಿಂದಿನಿಂದ ನಿನ್ನ ದನಿ ಬಂತು. ಇತರೆ ಅಂದರೆ ಏನು ಮಕ್ಕಳೇ ಎಂದು ಕೇಳಿದೆ. ನಿನ್ನ ಪಕ್ಕದ ಹುಡುಗಿಗೆ ನೀನು ಯಾರೆಂದು ಗೊತ್ತಿರಲಿಲ್ಲ. ಗುಬ್ಬಿಯ ಕಾಲಿಗೆ ಜಾಗ ಮಾಡಿಕೊಡುತ್ತ ಪಾಪ, ಮರ್ಯಾದೆಯಿಂದಲೇ ಹೇಳಿದಳು.

“ಇಲ್ದೇ ಇದ್ರೂ ಮನೆ ನಡೆಯುತ್ತಲ್ಲ ಅಜ್ಜಿ, ಅದು.”

ನೀನು ತಲೆಯಾಡಿಸಿದೆ, ಪಾಠ ಅರ್ಥವಾದವರ ಹಾಗೆ. ಆ ಉತ್ತರ ತಪ್ಪು ಎಂದು ಹೇಳಬೇಕಾದವಳು ನಾನು. ಡಸ್ಟರ್ ತೆಗೆದುಕೊಂಡು ಆ ಸಾಲನ್ನು ಒರೆಸಿದೆ. ‘ಸರಿ’ ಎಂದೆ.

ಗಂಟೆ ಹೊಡೆದ ಮೇಲೆ ಗುಬ್ಬಿಯನ್ನು ನನ್ನ ಕೈಗೆ ಕೊಟ್ಟು, ನನ್ನ ಭುಜದ ಮೇಲಿನ ಸೀಮೆಸುಣ್ಣದ ಪುಡಿ ಕೊಡವಿದೆ. “ಚೆನ್ನಾಗಿ ಪಾಠ ಮಾಡ್ತೀಯ,” ಅಂದೆ. ಆ ಮಾತಿನಲ್ಲಿ ನಾನು ಕೊಂಕು ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

ಅಂದಿನಿಂದ ನೀನು ಸಂಜೆಯ ಚಹಾ ಬೇಡವೆಂದೆ, ಉಷ್ಣವಾಗುತ್ತದಂತೆ. ಊರಿನ ಆ ತುದಿಯಲ್ಲಿರುವ ನಿನ್ನ ಹೊಲಿಗೆ ಗೆಳತಿಯ ಮನೆಗೆ ನಡೆದೇ ಹೋದೆ, ಕಾಲಿಗೆ ಒಳ್ಳೆಯದಂತೆ. ನಿನ್ನ ಕಣ್ಣಿನ ಹನಿಯ ಸೀಸೆಯನ್ನು ನಾನು ಒಮ್ಮೆ ಬೆಳಕಿಗೆ ಹಿಡಿದು ನೋಡಿದೆ. ಇದ್ದಷ್ಟೇ ಇತ್ತು. ಹಾಗೇ ಅದರ ಜಾಗದಲ್ಲಿಟ್ಟೆ. ಆಮೇಲೆ ನೀನು, ಅತ್ತಿಗೆಗೆ ಮಂಡಿನೋವು, ಅಣ್ಣನ ಮನೆಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆ ಎಂದು ಹೊರಟೆ. ಅತ್ತಿಗೆ ನನಗೆ ಫೋನ್ ಮಾಡಿ, ಅತ್ತೆ ಯಾಕೆ ಇದ್ದಕ್ಕಿದ್ದ ಹಾಗೆ ಬಂದರು ಎಂದು ಕೇಳಿದಳು. ಅವಳ ಮಂಡಿ ಕಲ್ಲುಗುಂಡಿನ ಹಾಗಿದೆ.

ನಿನ್ನೆ ವಕೀಲಮ್ಮ ಬಂದಳು. ನಿಮ್ಮ ನಿಮ್ಮ ಮನೆಯವರೊಂದಿಗೆ ಕೂತು ಇದೇ ಲೆಕ್ಕ ಮಾಡಿ ಎಂದು ಕಳಿಸಿದ್ದೆ. ನಮ್ಮನೆಯಲ್ಲಿ ಇತರೆ ನೀನೇ ಕಣೇ ಎಂದು ಅವಳಪ್ಪ ಅಂದರಂತೆ. ನಗುತ್ತಲೇ ಅಂದರು ಮೇಡಂ, ಎಂದಳು. ಅವಳು ನಗುತ್ತಿರಲಿಲ್ಲ. ಆಮೇಲೆ, ಅವತ್ತು ಹಿಂದೆ ಕೂತಿದ್ದ ಅಜ್ಜಿ ನಿಮ್ಮವರಾ ಎಂದು ಕೇಳಿದಳು. ಹೌದು, ನನ್ನ ಅಮ್ಮ ಎಂದೆ. ಅಷ್ಟು ಮಾತಿನಮಲ್ಲಿ, ಲೆಕ್ಕದ ಹಾಳೆ ಮಡಚಿಕೊಂಡು ಹೊರಟುಹೋದಳು.

ಬಾ ಎನ್ನಲು ನನಗೆ ಮುಖವಿಲ್ಲ. ಗುಬ್ಬಿಯನ್ನು ಈಗ ಶಿಶುವಿಹಾರದಲ್ಲಿ ಬಿಡುತ್ತಿದ್ದೇವೆ. ಅಲ್ಲಿನ ಫೀಸು ಕೇಳಿಯೇ ಮಗಳಿಗೆ ಅಮ್ಮ ನೆನಪಾದಳು ಎಂದು ನೀನು ಅಂದುಕೊಂಡರೆ, ಹಾಗೆ ಅಂದುಕೊಳ್ಳುವಂತೆ ಮಾಡಿದವಳು ನಾನೇ. ಸಾಧ್ಯವಾದರೆ ಬಾ. ಬರಲು ಮನಸ್ಸಾಗದಿದ್ದರೆ ಕಣ್ಣಿಗೆ ಹನಿಯನ್ನಾದರೂ ಹಾಕಿಕೋ. ನಿನ್ನ ಲೋಟ ನೀನು ಬೋರಲು ಹಾಕಿದ ಜಾಗದಲ್ಲೇ ಇದೆ. ಅದನ್ನು ಎತ್ತಲು ನನಗೆ ಧೈರ್ಯವಿಲ್ಲ.

ನಿನ್ನ ಮಗಳು

ಮರೆತ ಮಾತು: ಮರೆತದ್ದೇನೂ ಇಲ್ಲ, ಬಚ್ಚಿಟ್ಟಿದ್ದೆ. ನೀನು ಬಂದದ್ದು ಗೊತ್ತಾಗಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಗುಬ್ಬಿಯ ಅಳು ಕೇಳಿ ನಾನು ತಿರುಗಿ ನೋಡಿದ್ದೆ. ನೀನು ಬಾಗಿಲಲ್ಲಿ ನಿಂತು ಅವಳನ್ನು ಭುಜಕ್ಕೆ ಹಾಕಿ ತಟ್ಟಿದೆ, ತಕ್ಷಣ ಸುಮ್ಮನಾದಳು. ಅವತ್ತು ಬೆಳಿಗ್ಗೆ ನಾನು ಕೈ ಚಾಚಿದರೆ ಮುಖ ತಿರುಗಿಸಿ ನಿನ್ನ ಕುತ್ತಿಗೆಗೆ ಅಂಟಿಕೊಂಡವಳು ಅವಳು. ನಿನ್ನನ್ನು ನೋಡಿದ ಮೇಲೆಯೇ ಬೋರ್ಡಿನ ಕಡೆ ತಿರುಗಿ ‘ಇತರೆ’ ಎಂದು ಬರೆದೆ, ಅಮ್ಮ. ಅಲ್ಲಿಯವರೆಗೆ ಆ ಮನೆಯ ಲೆಕ್ಕ ಸರಿಯಾಗಿಯೇ ಇತ್ತು.