ಶನಿವಾರ ನಿನ್ನಮ್ಮ ಮೂರನೇ ಸಾಲಿನಲ್ಲಿದ್ದಳು

ಮುದ್ದಿನ ಜುಜ್ಕಾ,

ಅಮೆರಿಕ ದೇಶದಲ್ಲಿ ಈ ನಿನ್ನ ಸೋದರಮಾವ ಕಲಿಸದೆ ಯಾವ ಹೆಣ್ಣೂ ವೇದಿಕೆಯ ಮೇಲೆ ಸೊಂಟ ಕುಣಿಸಿಲ್ಲ. ನನ್ನನ್ನು ಕರೆದೊಯ್ಯಲು ನ್ಯೂಯಾರ್ಕಿನವರು ಎರಡು ರೈಲು ಕಳಿಸಿದ್ದರು. ಒಂದು ನನಗೆ, ಇನ್ನೊಂದು ನನ್ನ ಟೋಪಿಗೆ. ಕ್ಲೀವ್‌ಲ್ಯಾಂಡಿನ ಈ ಥಿಯೇಟರಿನ ಟಿಕೆಟ್ ಗೂಡು ಬಿಟ್ಟು ಬರಲಾರೆ ಎಂದು ಎರಡನ್ನೂ ವಾಪಸ್ ಅಟ್ಟಿದೆ. ಹಳ್ಳಿಯಲ್ಲಿ ನಾಲ್ಕನೇ ಕ್ಲಾಸು ಓದಿದವನ ಬರಹ ಇದು, ತಪ್ಪಿದ್ದರೆ ತಿದ್ದಿಕೋ. ಆದರೆ ಪೂರ್ತಿ ಓದುವವರೆಗೆ ಆ ಕ್ಯಾಲಿಫೋರ್ನಿಯಾದವರ ಕರಾರಿಗೆ ಸಹಿ ಹಾಕಬೇಡ.

ಭಾನುವಾರ ನಿಮ್ಮ ತಂಡ ಟೊಲೀಡೊಗೆ ಹೊರಟಾಗ ನೀನು ಹೇಳಿದೆ: “ದೂರ ಹೋಗ್ತೀನಿ ಮಾವ. ಇಲ್ಲಿ ನನ್ನದು ಅಂತ ಒಂದು ಮನೆಬಾಗಿಲಿಲ್ಲ.” ನನ್ನ ಬಾಯಿ ಕಟ್ಟಿಹೋಗಿತ್ತು, ತಾನು ಆಟಕ್ಕೆ ಬಂದದ್ದನ್ನು ಹೇಳಬೇಡ ಎಂದು ನಿನ್ನಮ್ಮ ಆಣೆ ಮಾಡಿಸಿಕೊಂಡಿದ್ದಳು. ಹೇಳಬೇಡ ಎಂದಳೇ ಹೊರತು ಬರೆಯಬೇಡ ಎನ್ನಲಿಲ್ಲ.

ಕಾಲರ್ ಹೊಲಿಯುವ ಕಾರ್ಖಾನೆ ಬಿಟ್ಟು ನೀನು ಕುಣಿಯುವವರ ಕೊನೆಯ ಸಾಲಿಗೆ ಸೇರಿದ ದಿನವೇ ಅವಳು ಮಾತು ಬಿಟ್ಟಳು. ನೀನು ಮೊದಲ ಸಾಲಿಗೆ ಬಂದೆ, ಒಬ್ಬಳೇ ನಿಲ್ಲುವಂತಾದೆ, ಹೊರಗಿನ ದೀಪದ ಬೋರ್ಡಿನಲ್ಲಿ ‘ಹಂಗೇರಿಯ ರಾಜಕುಮಾರಿ’ ಆದೆ. ನಾವು ಸ್ಲೋವಾಕರು, ಹಂಗೇರಿಯವರ ಹೊಲದಲ್ಲಿ ಬೆನ್ನು ಮುರಿದುಕೊಂಡವರು. ಅಕ್ಕನ ಸಿಟ್ಟಿನಲ್ಲಿ ಅರ್ಧ ನೀನು ಬಟ್ಟೆ ಬಿಚ್ಚಿದ್ದಕ್ಕೆ, ಇನ್ನರ್ಧ ಆ ಬೋರ್ಡಿಗೆ.

ಗುರುವಾರ ಅವಳು ಚರ್ಚಿನ ಟೋಪಿ ಹಾಕಿಕೊಂಡು ನನ್ನ ಕಿಟಕಿಯ ಮುಂದೆ ನಿಂತಳು.

“ಒಂದು ಟಿಕೆಟ್ ಕೊಡೋ.”

“ಅಕ್ಕಾ, ಇದು ಚರ್ಚಲ್ಲ.”

“ಗೊತ್ತು ಕಣೋ. ಚರ್ಚಲ್ಲಿ ನಿನ್ನ ಮುಖ ಎಲ್ಲಿ ಕಾಣುತ್ತೆ?”

ಟಿಕೆಟ್ ಕೊಟ್ಟೆ. ಅವಳು ಒಳಗೆ ಹೋಗುತ್ತಲೇ ನನ್ನ ಕಾಲು ತಾನಾಗಿಯೇ ಗುಂಡಿ ಒತ್ತಿತು. ಪೊಲೀಸರು ಬಂದಾಗ ಒತ್ತುವ ಗುಂಡಿ. ವೇದಿಕೆಯ ಅಂಚಿನಲ್ಲಿ ಕೆಂಪು ಬಲ್ಬು ಹೊತ್ತಿ, ನೀವೆಲ್ಲ ಕ್ಷಣದಲ್ಲಿ ಮರ್ಯಾದಸ್ಥರಾಗುವ ಗುಂಡಿ. ನೀನು ಒಂದು ಕೈಗವಸು ಬಿಚ್ಚಿ, ಬಲ್ಬು ನೋಡಿ, ಮತ್ತೆ ಹಾಕಿಕೊಂಡು ಜೋಗುಳ ಹಾಡಿ ಒಳಗೆ ಹೋದೆ. ಆಮೇಲೆ “ಯಾವ ಪೊಲೀಸ್ ಬಂದಿದ್ದ?” ಎಂದು ಎಲ್ಲರ ಮೇಲೂ ರೇಗಿದೆ. ಪೊಲೀಸ್ ಅಲ್ಲ ಮಗಳೇ. ನಿನ್ನಮ್ಮ.

ನಿನ್ನ ಮಾನ ಉಳಿಸಿಬಿಟ್ಟೆ ಎಂದು ನಾನು ಬೀಗುತ್ತಿದ್ದೆ. ಆಟ ಮುಗಿದ ಮೇಲೆ ಟ್ರಾಮ್ ನಿಲ್ದಾಣದಲ್ಲಿ ಅಕ್ಕನಿಂದ ತಲೆಗೊಂದು ಬಿತ್ತು.

“ಆ ಗೌನಿನ ಬೆನ್ನ ತುಂಬ ಕೊಕ್ಕೆ. ಒಂದೂ ಬಿಚ್ಚಲಿಲ್ಲ. ಬಿಚ್ಚದ ಗೌನಿಗೆ ಯಾರು ಅಷ್ಟು ಕೊಕ್ಕೆ ಹಾಕ್ತಾರೋ?” ಹೊಲಿಗೆಯವಳ ಕಣ್ಣು! “ನನ್ನ ಮಗಳಿಗೆ ಮುಸುಕು ಹಾಕಿ ತೋರಿಸ್ತೀಯಾ? ಇಷ್ಟು ವರ್ಷ ನಾನು ಮಾತು ಬಿಟ್ಟಿದ್ದು ಈ ಜೋಗುಳ ಹಾಡೋಳ ಜೊತೆ ಅಲ್ಲ. ಯಾರ ಜೊತೆ ಬಿಟ್ಟಿದ್ದೆನೋ ಅವಳನ್ನ ತೋರಿಸು.”

ಶನಿವಾರ ಮಧ್ಯಾಹ್ನದ ಆಟಕ್ಕೆ ಮತ್ತೆ ಬಂದಳು. ನಿಮ್ಮ ವಿದೂಷಕ ಬಾರ್ನಿ, “ನಿಮ್ಮಕ್ಕ ಕೊನೇವರೆಗೂ ಕೂರ್ತಾಳೆ, ಕಟ್ತೀಯಾ ಬಾಜಿ?” ಎಂದ. ಹುಟ್ಟಿದಾಗಿನಿಂದ ಅವಳ ಏಟು ತಿಂದವನು ನಾನು. ಎರಡನೇ ಕೈಗವಸಿಗೇ ಏಳುತ್ತಾಳೆ ಎಂದು ಕಟ್ಟಿದೆ. ಕಿಟಕಿಗೆ ಬೇರೆಯವನನ್ನು ಕೂರಿಸಿ, ಪ್ರೇಕ್ಷಕರ ಹಿಂದಿನ ಗೋಡೆಗೆ ಒರಗಿ ನಿಂತೆ.

ಮೊದಲ ಕೈಗವಸು: ಕೂತೇ ಇದ್ದಳು. ಎರಡನೆಯದು: ಶಿಲುಬೆಯ ಗುರುತು ಮಾಡಿಕೊಂಡಳು, ಏಳಲಿಲ್ಲ. ಡ್ರಮ್ಮಿನ ಒಂದೇ ಪೆಟ್ಟಿಗೆ ನಿನ್ನ ಗೌನು ಕಾಲ ಬುಡಕ್ಕೆ ಬಿತ್ತು. ಮುಂದಿನ ಸಾಲಿನವನು ಏನೋ ಹೊಲಸು ಕೂಗಿದ. ಆಗ ಎದ್ದಳು ನೋಡು! ಗೆದ್ದೆ ಎಂದುಕೊಂಡೆ. ಅವಳು ಕೈಚೀಲದಿಂದ ಅವನ ನೆತ್ತಿಗೆ ಬಾರಿಸಿ, “ಬಾಯ್ಮುಚ್ಕೊಂಡು ಕೂತ್ಕೊಳೋ! ಅವಳು ಕೆಲಸ ಮಾಡ್ತಿದಾಳೆ, ಕಾಣಲ್ವಾ?” ಎಂದು ಮತ್ತೆ ಕೂತಳು. ಸ್ಲೋವಾಕ್ ಮಾತು ಅವನಿಗೆ ತಿಳಿಯಲಿಲ್ಲ, ಕೈಚೀಲ ತಿಳಿಯಿತು. ನೀನು ಮೂರನೇ ಸಲ ಬಾಗಿ ಒಳಗೆ ಹೋದ ಮೇಲೂ ಅವಳು ಕೂತೇ ಇದ್ದಳು.

ಒಳಗೆ ಬಂದು ಮಾತಾಡಿಸು ಎಂದೆ. ಇವತ್ತು ಬೇಡ ಎಂದಳು. ಟೋಪಿ ಸರಿಮಾಡಿಕೊಳ್ಳುತ್ತ, “ಅಷ್ಟು ಗಂಡಸರ ಮುಂದೆ ತಲೆ ತಗ್ಗಿಸಲಿಲ್ಲ ಅವಳು. ನನಗೆ ಆಗ್ತಿರಲಿಲ್ಲ” ಎಂದಳು. ಮತ್ತೆ, “ಎಷ್ಟು ಬಡವಾಗಿದಾಳೋ. ಕ್ರಿಸ್‌ಮಸ್ ಹಿಂದಿನ ದಿನ ಊಟಕ್ಕೆ ಒಂದು ತಟ್ಟೆ ಹೆಚ್ಚಿಗೆ ಇಡ್ತೀನಿ. ಯಾರಿಗೆ ಅಂತ ಕೇಳಬೇಡ.”

ಹಬ್ಬದ ಸಿಹಿಗೆ ಜೇನು, ಗಸಗಸೆ ಈಗಾಗಲೇ ತಂದಿಟ್ಟಿದ್ದಾಳೆ. ಬಾ. ಕ್ಯಾಲಿಫೋರ್ನಿಯಾಕ್ಕೆ ಹೋಗುವುದಾದರೆ ಆಮೇಲೆ ಹೋಗು, ನಿನ್ನ ಮನೆಬಾಗಿಲಿನಿಂದ ಹೊರಟು ಹೋಗು.

ದೇವರು ನಿನ್ನ ಮೊಣಕಾಲುಗಳನ್ನು ಕಾಯಲಿ. ಹೋದ ಊರಲ್ಲೆಲ್ಲ ನಿನಗೆ ಸ್ನಾನಕ್ಕೆ ಬಿಸಿನೀರು ಸಿಗಲಿ.

ಬಾರ್ನಿಗೆ ಸೋತದ್ದು ಎರಡು ಡಾಲರ್ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ನಿನ್ನೊಬ್ಬಳಿಗೆ ನಿಜ ಹೇಳುತ್ತೇನೆ: ಅರವತ್ತೆಂಟು.

ನಿನ್ನ ಮಾವ,
ಓಂದ್ರೇಯ್