ಜೋಡಿ ಸಿಗದ ಉಚ್ಚಮ್ಮ

ಆದೋನಿ, ಶುಕ್ರವಾರ

ಅವ್ವನಿಗೆ ನಮಸ್ಕಾರ.

ಆರಾಮಾಗಿದ್ದೇನೆ. ಕಾಲೇಜಿನ ಪ್ರಾಜೆಕ್ಟಿಗೆ ಪೆದ್ದಕಡುಬೂರಿನ ಶಾಲೆಯಲ್ಲಿ ಮಕ್ಕಳಿಗೆ ಆಟದ ಮೂಲಕ ಲೀಡರ್‌ಶಿಪ್ ಕಲಿಸಬೇಕು. ಮಂಗಳವಾರ ಕಬಡ್ಡಿಗೆ ರೋಲ್ ನಂಬರ್ ನೋಡಿ ಟೀಮ್ ಮಾಡಿದೆ. ಯಾರೂ ಕದಲಲಿಲ್ಲ.

“ಹಂಗಲ್ರೀ ಟೀಚರ್,” ಎಂದು ಭವಾನಿ ಎಂಬ ಹುಡುಗಿ ನಕ್ಕಳು. “ಇಬ್ಬಿಬ್ರು ಹೆಗಲಿಗೆ ಕೈ ಹಾಕ್ಕಂಡು ದೂರ ಹೋಗಿ ಗುಟ್ಟಾಗಿ ಹೆಸರಿಟ್ಕಂಡು ಬರ್ತೀವಿ. ಹುಲಿ ಬೇಕೋ ನವಿಲು ಬೇಕೋ ಅಂತ ಲೀಡರ್‌ನ ಕೇಳ್ತೀವಿ. ಅವ್ರು ನವಿಲು ಅಂದ್ರೆ ನವಿಲು ಅವ್ರ ಕಡಿಗೆ, ಹುಲಿ ಇನ್ನೊಬ್ಬ ಲೀಡರ್ ಕಡಿಗೆ. ಇಷ್ಟೂ ತಿಳೀದೇನ್ರಿ ನಿಮಗ?”

ಎಲ್ಲರೂ ಜೋಡಿಯಾದರು. ಹೊಸದಾಗಿ ಸೇರಿದ ಉಚ್ಚಮ್ಮ ಒಬ್ಬಳೇ ಉಳಿದಳು. ಆಕೆಯನ್ನು ಸ್ಕೋರ್ ಬರೆಯಲು ಕೂರಿಸಿಬಿಟ್ಟೆ. ಚಿಕ್ಕವಳಿದ್ದಾಗ ಹಾಸ್ಟೆಲಿನಲ್ಲಿ ನನ್ನನ್ನೂ ಹಾಗೆಯೇ ಕೂರಿಸುತ್ತಿದ್ದರು. ಆದರೆ ರಜೆಗೆ ಬಂದಾಗ, ದಿನಾ ಆಡುತ್ತೇನೆ ಎಂದೇ ನಿನಗೆ ಹೇಳುತ್ತಿದ್ದೆ.

ಅವತ್ತಿನಿಂದ ಉಚ್ಚಮ್ಮ ಶಾಲೆಗೆ ಬಂದಿಲ್ಲ. ಸೋಮವಾರ ಅವರ ಮನೆಗೆ ಹೋಗಿ, ನನ್ನ ಜೋಡಿಯಾಗುತ್ತೀಯಾ ಎಂದು ಕೇಳುತ್ತೇನೆ. ಹಾಗೆ ಯಾರನ್ನೂ ಕೇಳಿ ನನಗೆ ಅಭ್ಯಾಸವಿಲ್ಲ. ಬೇಡ ಎಂದರೆ ಏನು ಮಾಡಲಿ, ಅವ್ವಾ? ಫೋನಿನಲ್ಲಿ ಹೇಳಬೇಡ, ರೂಮಿನವರಿಗೆಲ್ಲ ಕೇಳಿಸುತ್ತದೆ. ಈ ಕಾಗದ ತಂದುಕೊಟ್ಟ ಚಂದ್ರಮಾಮ ಭಾನುವಾರ ಇಲ್ಲಿಗೆ ವಾಪಸ್ ಬರುವಾಗ ಅವನ ಕೈಯಲ್ಲೇ ಚೀಟಿ ಬರೆದು ಕೊಟ್ಟು ಕಳಿಸು.

ನಿನ್ನ ಮಗಳು,
ಮಂಗಳಾ